ಕಲಬುರಗಿಯಲ್ಲಿದ್ದೇ ಹಾರರ್ ನಿರ್ದೇಶಕರಾಗುವುದು ಹೇಗೆ: ಮೊದಲ ಕಿರುಚಿತ್ರದಿಂದ ಮೊದಲ ಪೂರ್ಣಾವಧಿ ಸಿನಿಮಾ (ಫೀಚರ್) ವರೆಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗ ಹುಡುಗಿಯರು ಮಾಡುವ ಹಾರರ್ ಕಿರುಚಿತ್ರಗಳು ಒಂದೇ ಕಡೆ ಎಡವುತ್ತವೆ. ಮೊದಲು ಕ್ಯಾಮೆರಾ ಬರುತ್ತದೆ. ಆಮೇಲೆ ದೆವ್ವದ ಮೇಕಪ್. ಆಮೇಲೆ ಶೂಟಿಂಗ್ ಎಲ್ಲಿ ಅನ್ನುವ ಯೋಚನೆ. ಧ್ವನಿಯ ಮಾತು ಬರುವುದು ಎಡಿಟ್ ಮಾಡಲು ಕೂತಾಗ. ಅಷ್ಟೊತ್ತಿಗೆ ದುಡ್ಡು ಮುಗಿದಿರುತ್ತದೆ, ಗೆಳೆಯರು ಬೇಸತ್ತಿರುತ್ತಾರೆ, ಫುಟೇಜ್ ಹಾರ್ಡ್ ಡಿಸ್ಕಿನಲ್ಲೇ ಉಳಿಯುತ್ತದೆ.

ಸರದಿ ಬದಲಿಸಿದರೆ ಕೆಲಸ ಮುಗಿಯುತ್ತದೆ. ಜಾಗ, ಧ್ವನಿ, ಕಥೆ, ನಟರು, ಅನುಮತಿ, ಕೊನೆಗೆ ಕ್ಯಾಮೆರಾ. ಥ್ರಿಲ್ಲರ್ ಮಾಡುವವರಿಗೂ ಇದೇ ಸರದಿ. ಇಲ್ಲಿರುವುದು ಸ್ವಂತ ದುಡ್ಡಿನಲ್ಲಿ, ನಾಲ್ಕೈದು ಜನರ ತಂಡದಲ್ಲಿ, ಊರು ಬಿಡದೆ ಶುರು ಮಾಡುವವರಿಗೆ.

## ಹಂತ 1: ಕಥೆಗಿಂತ ಮೊದಲು ಜಾಗ ಹಿಡಿಯಿರಿ

ಹಾರರ್ ಅಂದ ಕೂಡಲೇ ಎಲ್ಲರ ಕಣ್ಣೂ ಕೋಟೆಯ ಮೇಲೆ. ಬೀದರ್ ಕೋಟೆ, ಅಷ್ಟೂರಿನ ಬಹಮನಿ ಗುಂಬಜ್‌ಗಳು, ಕಲಬುರಗಿ ಕೋಟೆ. ಇವೆಲ್ಲ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕೈಯಲ್ಲಿವೆ. ಸಿನಿಮಾ ಶೂಟಿಂಗಿಗೆ ಮೊದಲೇ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು, ಷರತ್ತು ಪಾಲಿಸಬೇಕು. ಸಾಮಾನ್ಯವಾಗಿ ಸೂರ್ಯ ಮುಳುಗಿದ ಮೇಲೆ ಒಳಗೆ ಬಿಡುವುದಿಲ್ಲ. ರಾತ್ರಿ ದೃಶ್ಯವೇ ಬೇಕಾದ ಸಿನಿಮಾಕ್ಕೆ ಅದು ಸರಿಯಾದ ಜಾಗವಲ್ಲ. ಫೋನಿನಲ್ಲಿ ಕದ್ದು ತೆಗೆದು ಬಂದರೂ ಉಪಯೋಗವಿಲ್ಲ. ಮುಂದೆ ಸಿನಿಮಾ ಮಾರಲು ಹೋದಾಗ ಲೊಕೇಶನ್ ಅನುಮತಿ ಪತ್ರ ಕೇಳುತ್ತಾರೆ.

ನಿಮ್ಮ ಕೈಗೆ ಸಿಗುವ ಜಾಗಗಳನ್ನು ನೋಡಿ. ಹಳೆಯ ವಾಡೆ, ಶಹಾಬಾದ್ ಕಲ್ಲು ಹಾಸಿದ ಮನೆ, ಮುಚ್ಚಿಹೋದ ದಾಲ್ ಮಿಲ್, ಊರ ಹೊರಗಿನ ತೊಗರಿ ಹೊಲ, ರಾತ್ರಿ ಖಾಲಿಯಾಗುವ ಶಾಲೆ. ಯಾರದು, ಕೀಲಿ ಯಾರ ಹತ್ತಿರ, ಕರೆಂಟ್ ಇದೆಯೋ ಇಲ್ಲವೋ, ಗಾಡಿ ಎಲ್ಲಿವರೆಗೆ ಹೋಗುತ್ತದೆ ಅಂತ ಬರೆದುಕೊಳ್ಳಿ. ಮಳೆಗಾಲದಲ್ಲಿ ಎರೆ ಹೊಲಕ್ಕೆ ಗಾಡಿ ಇಳಿಸಿದರೆ ಬೆಳಗಿನವರೆಗೆ ಅದನ್ನು ತಳ್ಳುವುದೇ ಕೆಲಸವಾಗುತ್ತದೆ.

ತೊಗರಿ ಹೊಲದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಲ್ಲಿ ಬೆನ್ನಟ್ಟುವ ದೃಶ್ಯ ಬರೆಯುವವರೆಲ್ಲ ಅಲ್ಲೇ ಬರೆಯುತ್ತಾರೆ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ನವೆಂಬರ್ ಹೊತ್ತಿಗೆ ಎದೆಯೆತ್ತರ, ಕೆಲವು ಕಡೆ ಆಳೆತ್ತರ ನಿಲ್ಲುತ್ತದೆ. ಓಡುವವನು ಕಾಣುತ್ತಾನೆ, ಮರೆಯಾಗುತ್ತಾನೆ, ಮತ್ತೆ ಕಾಣುತ್ತಾನೆ. ಗಿಡ ಅಲ್ಲಾಡುವುದೇ ಸಾಕು, ಹಿಂದೆ ಯಾರೋ ಬರುತ್ತಿದ್ದಾರೆ ಅನಿಸುತ್ತದೆ. ಆದರೆ ಡಿಸೆಂಬರ್-ಜನವರಿಯಲ್ಲಿ ರಾಶಿ ಶುರು. ಅರ್ಧ ಸೀನ್ ತೆಗೆದು ಉಳಿದದ್ದನ್ನು ಮುಂದಿನ ತಿಂಗಳಿಗೆ ಹಾಕಿದರೆ ಹೊಲವೇ ಇರುವುದಿಲ್ಲ. ಕೊಯ್ದ ಮೇಲೆ ಉಳಿಯುವ ಕೂಳೆ ಮೊಳೆಯಷ್ಟು ಚೂಪು. ಬರಿಗಾಲಲ್ಲಿ ನಟಿಯನ್ನು ಓಡಿಸಬೇಡಿ. ಪಾದ ಕಾಣದ ಶಾಟ್‌ಗಳಲ್ಲಿ ಶೂ ಹಾಕಿಸಿ, ಬರಿಗಾಲಿನ ಕ್ಲೋಸಪ್ಪನ್ನು ಹಸನು ಮಾಡಿದ ನೆಲದಲ್ಲಿ ಬೇರೆಯಾಗಿ ತೆಗೆಯಿರಿ.

ಎಚ್ಚರಿಕೆಯ ಗುರುತು: ಜಾಗದ ಮಾಲೀಕರು "ಬರ್ರಿ, ನೋಡೋಣ" ಅಂತಷ್ಟೇ ಹೇಳುತ್ತಿದ್ದಾರೆ, ತಾರೀಕು ಹೇಳುತ್ತಿಲ್ಲ ಅಂದರೆ ಆ ಜಾಗ ನಿಮ್ಮ ಕೈಯಲ್ಲಿಲ್ಲ. ಅದನ್ನು ನಂಬಿ ಕಥೆ ಬರೆಯಬೇಡಿ.

## ಹಂತ 2: ಆ ಜಾಗದ ಧ್ವನಿ ಕೇಳಿ

ಜಾಗ ಸಿಕ್ಕ ಮೇಲೆ ಕ್ಯಾಮೆರಾ ಇಲ್ಲದೆ ಹೋಗಿ. ರಾತ್ರಿ 9ಕ್ಕೆ ಒಮ್ಮೆ, 12ಕ್ಕೆ ಒಮ್ಮೆ, 3ಕ್ಕೆ ಒಮ್ಮೆ. ಜೊತೆಗೆ ಒಬ್ಬರಿರಲಿ. ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿ 20 ನಿಮಿಷ ಮಾತಾಡದೆ ಕೂತುಕೊಳ್ಳಿ. ಮನೆಗೆ ಬಂದು ಇಯರ್‌ಫೋನ್ ಹಾಕಿ ಕೇಳಿ.

ಏನು ಕೇಳುತ್ತದೆ? ಬೇಸಿಗೆಯಾದರೆ ಪಕ್ಕದ ಮನೆಗಳ ಕೂಲರ್. ನಮ್ಮ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಹಗಲು 40 ಡಿಗ್ರಿ ದಾಟುತ್ತದೆ, ರಾತ್ರಿಯಿಡೀ ಕೂಲರ್ ಓಡುತ್ತದೆ. ಆ ಗರ್‍ರ್ ಸದ್ದನ್ನು ಮಾತಿಗೆ ಪೆಟ್ಟಾಗದಂತೆ ಸಾಫ್ಟ್‌ವೇರಿನಲ್ಲಿ ಪೂರ್ತಿ ತೆಗೆಯುವುದು ಕಷ್ಟ. ರಾತ್ರಿ ಕರೆಂಟ್ ಕೊಡುವ ಕಡೆ ಬೋರ್‌ವೆಲ್ ಪಂಪ್ ಶುರುವಾಗುತ್ತದೆ. ನಾಯಿ, ಹೆದ್ದಾರಿಯ ಲಾರಿ, ಬೆಳಗಿನ ಜಾವದ ಆಜಾನ್, ಗುಡಿಯ ಮೈಕ್. ಇವು ಎಷ್ಟೊತ್ತಿಗೆ ಬರುತ್ತವೆ ಅಂತ ಬರೆದುಕೊಂಡರೆ ಮಾತಿರುವ ಶಾಟ್‌ಗಳನ್ನು ಯಾವ ಹೊತ್ತಿಗೆ ಇಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಇನ್ನೊಂದು ತೊಂದರೆ ಕಲ್ಲು. ಶಹಾಬಾದ್ ಹಾಸುಗಲ್ಲಿನ ನೆಲ, ಕಲ್ಲಿನ ಗೋಡೆ, ಖಾಲಿ ಕೋಣೆ ಸೇರಿದರೆ ಮಾತು ಗೋಡೆಗೆ ಬಡಿದು ವಾಪಸ್ ಬರುತ್ತದೆ. ನಟ ಪಿಸುಗುಟ್ಟಿದರೂ ಬಾವಿಯಲ್ಲಿ ಮಾತಾಡಿದ ಹಾಗೆ ಕೇಳುತ್ತದೆ. ಇದಕ್ಕೆ ದುಬಾರಿ ಸಾಮಾನು ಬೇಡ, ಕೌದಿ ಸಾಕು. ಮನೆಯಲ್ಲಿರುವ ದಪ್ಪ ಕೌದಿಗಳನ್ನೆಲ್ಲ ತನ್ನಿ. ಕ್ಯಾಮೆರಾಕ್ಕೆ ಕಾಣದ ಎರಡು ಗೋಡೆಗೆ ಹಗ್ಗ ಕಟ್ಟಿ ಇಳಿಬಿಡಿ, ಒಂದನ್ನು ನಟರ ಕಾಲ ಬಳಿ ಹಾಸಿ. ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಚಪ್ಪಾಳೆ ಹೊಡೆದು ಕೇಳಿ. ಆ ವ್ಯತ್ಯಾಸವನ್ನು ಕಿವಿಯಾರೆ ಕೇಳಿದವರು ಆಮೇಲೆ ಕೌದಿ ಬಿಟ್ಟು ಶೂಟಿಂಗಿಗೆ ಹೋಗುವುದಿಲ್ಲ.

ಬೇಕಾದ ಸಾಮಾನು: ಒಂದು ಚಿಕ್ಕ ಆಡಿಯೋ ರೆಕಾರ್ಡರ್, ಬೂಮ್ ಕೋಲಿಗೆ (ಫ್ರೇಮಿನ ಹೊರಗಿನಿಂದ ನಟರ ಹತ್ತಿರ ಚಾಚುವ ಉದ್ದ ಕೋಲು) ಕಟ್ಟುವ ಒಂದು ಮೈಕ್, ಒಂದು ಕಾಲರ್ ಮೈಕ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಹೆಡ್‌ಫೋನ್ ಹಾಕಿಕೊಂಡು ಕೂರಲಿಕ್ಕೇ ಒಬ್ಬರು ಬೇಕು. ಅವರು "ಸದ್ದು ಬಂತು" ಅಂದರೆ ಆ ಟೇಕ್ ಹೋಯಿತು, ನಿರ್ದೇಶಕರೂ ವಾದ ಮಾಡುವ ಹಾಗಿಲ್ಲ.

## ಹಂತ 3: ಒಬ್ಬ ವ್ಯಕ್ತಿ, ಒಂದು ಭಯ, ಒಂದು ನಿಯಮ

ಈಗ ಬರೆಯಿರಿ. ಕಿರುಚಿತ್ರ 6ರಿಂದ 8 ನಿಮಿಷ ಇರಲಿ, ಎರಡೇ ಪಾತ್ರ, ಒಂದೇ ಮನೆ. ದೆವ್ವ ಯಾರು, ಯಾಕೆ ಸತ್ತಿತು, ಯಾರ ಮೇಲೆ ಸೇಡು ಅನ್ನುವ ಫ್ಲ್ಯಾಶ್‌ಬ್ಯಾಕ್ ಬೇಡ. ಏಳು ನಿಮಿಷದಲ್ಲಿ ಮೂರು ನಿಮಿಷ ಅದಕ್ಕೇ ಹೋದರೆ ಹೆದರಲು ಹೊತ್ತು ಎಲ್ಲಿ ಉಳಿಯುತ್ತದೆ?

ನಮ್ಮ ಮನೆಗಳಲ್ಲೇ ಇರುವ ಒಂದು ವಸ್ತುವಿನಿಂದ ಶುರು ಮಾಡಿ. ಉದಾಹರಣೆಗೆ ಹಗೇವು. ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ, ಮೇಲೆ ಕಲ್ಲಿನ ಮುಚ್ಚಳ. ಈಗ ಬಹಳ ಮನೆಗಳಲ್ಲಿ ಅದನ್ನು ಬಳಸುವುದಿಲ್ಲ, ಮುಚ್ಚಿ ಬಿಟ್ಟಿರುತ್ತಾರೆ.

ಮದುವೆಯಾಗಿ ಹೋದ ಮಗಳು ತವರಿಗೆ ಬಂದಿದ್ದಾಳೆ. ಪಡಸಾಲೆಯಲ್ಲಿ ಹಗೇವಿನ ಮುಚ್ಚಳದ ಮೇಲೆ ಒಂದು ಹೊರಸು. ಸೆಖೆಗೆ ಅದನ್ನು ಬಾಗಿಲ ಕಡೆ ಎಳೆಯಲು ಹೋಗುತ್ತಾಳೆ. ಅವ್ವ ಒಲೆ ಮುಂದಿನಿಂದ ಏಳದೆಯೇ ಹೇಳುತ್ತಾಳೆ, "ಹೊರಸ್ ಯಾಕ ಸರಸ್ಲಕತ್ತಿ? ಇರ್ಲಿ ಬಿಡು, ಅಲ್ಲೇ ಮಲ್ಕೊ." ರಾತ್ರಿ ಅವ್ವ ಒಂದು ರೊಟ್ಟಿಯನ್ನು ತಾಟಿನಲ್ಲಿಟ್ಟು ಹೊರಸಿನ ಕೆಳಗೆ ಸರಿಸುತ್ತಾಳೆ. ಬೆಳಿಗ್ಗೆ ತಾಟು ಖಾಲಿ. ಇಲಿ ಇರಬೇಕು ಅಂದುಕೊಳ್ಳುತ್ತಾಳೆ ಮಗಳು. ಮರುದಿನ ಅವ್ವ ಬೇರೆ ಊರಿಗೆ ಹೋಗಿದ್ದಾಳೆ. ಮಗಳು ರೊಟ್ಟಿ ಇಡುವುದನ್ನು ಮರೆತು ಅದೇ ಹೊರಸಿನ ಮೇಲೆ ಮಲಗುತ್ತಾಳೆ.

ಇಲ್ಲಿ ಮೇಕಪ್ ಇಲ್ಲ, ಗ್ರಾಫಿಕ್ಸ್ ಇಲ್ಲ. ತಾಟು, ಕಲ್ಲು, ಹೊರಸು, ಸದ್ದು ಇಷ್ಟೇ. ನಿಯಮ ಒಂದೇ: ರಾತ್ರಿ ರೊಟ್ಟಿ ಇಡಬೇಕು. ನೋಡುವವರಿಗೆ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೂ ಗೊತ್ತಾಗಿದೆ. ಹುಡುಗಿ ಮಲಗಿದ ಕೂಡಲೇ ಅವರು ಅವಳಿಗಿಂತ ಮೊದಲು ಹೆದರುತ್ತಾರೆ. ಒಳ್ಳೆಯ ಹಾರರ್ ಸೀನಿಗೆ ಇದೇ ಅಳತೆಗೋಲು. ಥ್ರಿಲ್ಲರ್ ಆದರೆ ಹಗೇವಿನೊಳಗೆ ದೆವ್ವದ ಬದಲು ಮನುಷ್ಯನಿದ್ದಾನೆ, ಅದು ಅವ್ವನಿಗೆ ಗೊತ್ತಿದೆ. ಉಳಿದ ಶಾಟ್‌ಗಳು ಅವೇ.

ಒಂದು ವಿಷಯವನ್ನು ಗಟ್ಟಿಯಾಗಿ ಹೇಳಬೇಕು. ನಮ್ಮ ಭಾಗದಲ್ಲಿ ಭಾನಾಮತಿ (ಮಾಟ) ಕಥೆ ಬರೆಯದ ಹಾರರ್ ಬರಹಗಾರರು ಕಡಿಮೆ. ಭಾನಾಮತಿ ಮಾಡಿದ್ದಾಳೆ ಅಂತ ಹೆಸರು ಹಚ್ಚಿ ಬಡ ಹೆಣ್ಣುಮಕ್ಕಳನ್ನು ಹೊಡೆದದ್ದು, ಊರು ಬಿಡಿಸಿದ್ದು ಇಲ್ಲಿ ನಿಜವಾಗಿ ನಡೆದಿದೆ. ವಾಮಾಚಾರ ತಡೆಯುವ 2017ರ ರಾಜ್ಯ ಕಾಯ್ದೆ 2020ರಲ್ಲಿ ಜಾರಿಗೆ ಬಂತು, ಇಂಥ ಆಚರಣೆಗೆ ಪ್ರಚಾರ ಕೊಡುವುದೂ ಅದರಡಿ ತಪ್ಪು. ಸ್ಕ್ರಿಪ್ಟ್ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಸಿನಿಮಾ ನೋಡಿದವರು ನಾಳೆ ತಮ್ಮ ಓಣಿಯ ಒಬ್ಬ ಒಂಟಿ ಮುದುಕಿಯನ್ನು ಬೇರೆ ಕಣ್ಣಿನಿಂದ ನೋಡುತ್ತಾರಾ? ಹೌದು ಅನಿಸಿದರೆ ಆ ಕಥೆ ಬದಲಿಸಿ. ಒಂದು ಜಾತಿಯ, ಒಂದು ತಾಂಡಾದ ಅಥವಾ ಒಂದು ದರ್ಗಾದ ಜನರನ್ನು ಭಯದ ಮೂಲವಾಗಿ ತೋರಿಸುವುದಕ್ಕೂ ಇದೇ ಮಾತು.

## ಹಂತ 4: ನಟರು ಮತ್ತು ಮಾತು

ಪಾತ್ರಗಳು ಬೆಂಗಳೂರು ಕನ್ನಡ ಮಾತಾಡುವುದು ಎರಡನೇ ದೊಡ್ಡ ತಪ್ಪು. ಆಳಂದದ ಮನೆಯಲ್ಲಿ ಅವ್ವ "ಯಾಕಮ್ಮ ಹೆದರಿಕೊಂಡಿದ್ದೀಯ?" ಅಂದರೆ ಅಲ್ಲಿಗೆ ನಂಬಿಕೆ ಹೋಯಿತು. "ಯಾಕವ್ವ, ಅಂಜಿದೇನ?" ಅಂದರೆ ಸಾಕು. ಬೀದರ್ ಮಾತು ಬೇರೆ, ಸುರಪುರದ ಮಾತು ಬೇರೆ. ಮನೆಯ ಪಕ್ಕದವರು ದಖ್ಖನಿ ಉರ್ದು ಆಡುವವರಾದರೆ ಆಡಲಿ. ಸಬ್‌ಟೈಟಲ್ ಹೇಗೂ ಹಾಕುತ್ತೀರಿ.

ನಟರು ಊರಲ್ಲೇ ಇದ್ದಾರೆ. ಕಲಬುರಗಿ ರಂಗಾಯಣದಲ್ಲಿ ತರಬೇತಾದವರು, ಪಂಡಿತ ರಂಗಮಂದಿರದಲ್ಲಿ ನಾಟಕವಾಡುವ ಹವ್ಯಾಸಿಗಳು, ಬಯಲಾಟದವರು. ಇವರ ಧ್ವನಿ, ನೆನಪಿನ ಶಕ್ತಿ, ಶಿಸ್ತು ಕ್ಯಾಮೆರಾ ಹುಡುಗರಿಗೆ ಪಾಠ. ಆದರೆ ಕೊನೆಯ ಸಾಲಿನವರಿಗೂ ಮುಟ್ಟಿಸುವ ರೂಢಿ ಕ್ಲೋಸಪ್ಪಿನಲ್ಲಿ ಜಾಸ್ತಿಯಾಗುತ್ತದೆ. ಬೈಯಬೇಡಿ. ಫೋನಿನಲ್ಲಿ ಮುಖದ ಹತ್ತಿರದಿಂದ ಒಂದು ರಿಹರ್ಸಲ್ ತೆಗೆದು ಅವರಿಗೇ ತೋರಿಸಿ. ಎರಡನೇ ಸಲಕ್ಕೆ ಅವರೇ ಇಳಿಸುತ್ತಾರೆ.

ಹೆದರುವ ನಟನೆಗೆ ಒಂದು ಉಪಾಯವಿದೆ: "ಹೆದರು" ಅಂತ ಹೇಳಬೇಡಿ, ಮಾಡಲು ಕೆಲಸ ಕೊಡಿ. ಸದ್ದು ಎಲ್ಲಿಂದ ಬಂತು ಹುಡುಕು, ಉಸಿರು ಹಿಡಿದು ಐದರವರೆಗೆ ಎಣಿಸು, ಕಾಲನ್ನು ನಿಧಾನ ಮೇಲೆ ಎತ್ತಿಕೋ.

ಮಕ್ಕಳು ನಟಿಸುವುದಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ 3 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಮೊದಲ ಸಿನಿಮಾದಲ್ಲಿ ಮಕ್ಕಳ ಪಾತ್ರವೇ ಬೇಡ ಅನ್ನುವುದು ನನ್ನ ಸಲಹೆ.

## ಹಂತ 5: ಅನುಮತಿ ಮತ್ತು ಜೀವದ ಕಾಳಜಿ

ಈ ಹಂತವನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ.

ಮನೆಯ ಮಾಲೀಕರಿಂದ ತಾರೀಕು, ಸಮಯ ಬರೆದ ಪತ್ರಕ್ಕೆ ಸಹಿ ಹಾಕಿಸಿ. ಹಳ್ಳಿಯಾದರೆ ಗ್ರಾಮ ಪಂಚಾಯಿತಿಗೆ ತಿಳಿಸಿ. ಹತ್ತಿರದ ಪೊಲೀಸ್ ಠಾಣೆಗೆ ಲಿಖಿತ ಮಾಹಿತಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮಧ್ಯರಾತ್ರಿ ಬಿಳಿ ಸೀರೆ, ಬಿಚ್ಚಿದ ಕೂದಲು, ಕಿರುಚಾಟ ಕೇಳಿದರೆ ಊರವರು ಬಡಿಗೆ ಹಿಡಿದು ಬರುತ್ತಾರೆ, ಅದು ಅವರ ತಪ್ಪಲ್ಲ. ಸಂಜೆಯೇ ಸುತ್ತಲಿನ ಮನೆಗಳಿಗೆ ಹೋಗಿ ಹೇಳಿ ಬನ್ನಿ. ನಕಲಿ ಪಿಸ್ತೂಲು, ಕತ್ತಿ ಇದ್ದರೆ ಠಾಣೆಯ ಪತ್ರದಲ್ಲೇ ಬರೆಯಿರಿ. ಅವನ್ನು ರಸ್ತೆಯಲ್ಲಿ ಹಿಡಿದು ಓಡಾಡಬೇಡಿ.

ಡ್ರೋನ್ ಬಗ್ಗೆ ಬೀದರಿನವರು ವಿಶೇಷ ಎಚ್ಚರ ವಹಿಸಬೇಕು. ಅಲ್ಲಿ ವಾಯುಪಡೆಯ ನೆಲೆ ಇದೆ. ಕಲಬುರಗಿಯಲ್ಲಿ 2019ರಿಂದ ವಿಮಾನ ನಿಲ್ದಾಣ ಇದೆ. ಸರ್ಕಾರದ ಡ್ರೋನ್ ನಕ್ಷೆಯಾದ ಡಿಜಿಟಲ್ ಸ್ಕೈನಲ್ಲಿ ನಿಮ್ಮ ಜಾಗ ಕೆಂಪೋ, ಹಳದಿಯೋ, ಹಸಿರೋ ನೋಡಿಯೇ ಮುಂದುವರಿಯಿರಿ. 250 ಗ್ರಾಮಿನೊಳಗಿನ ಚಿಕ್ಕ ಡ್ರೋನ್ ಆದರೂ ಕೆಂಪು ವಲಯದಲ್ಲಿ ಹಾರಿಸುವಂತಿಲ್ಲ.

ನಾಗರಹಾವು, ಗೂಬೆ ಹಿಡಿದು ತಂದು ತೋರಿಸುವ ಆಸೆ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಸಾಕುಪ್ರಾಣಿಯಾದರೂ ಥಿಯೇಟರಿಗೆ ಹೋಗುವ ಸಿನಿಮಾದಲ್ಲಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ಬೇಕು.

ಇನ್ನು ಜೀವಕ್ಕೆ ಸಂಬಂಧಿಸಿದ್ದು. ಮೇಲಿನ ಕಥೆ ಓದಿ ಯಾರೂ ನಿಜವಾದ ಹಗೇವಿಗೆ ಇಳಿಯಬೇಡಿ, ಯಾರನ್ನೂ ಇಳಿಸಬೇಡಿ. ಮುಚ್ಚಿಟ್ಟ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಕಾಳು ಆಮ್ಲಜನಕವನ್ನು ಹೀರಿ ಇಂಗಾಲದ ಡೈಆಕ್ಸೈಡ್ ಬಿಟ್ಟಿರುತ್ತದೆ. ಇಳಿದವರು ಕೂಗುವ ಮೊದಲೇ ಬೀಳುತ್ತಾರೆ, ಎತ್ತಲು ಇಳಿದವರೂ ಬೀಳುತ್ತಾರೆ. ಒಳಗಿನ ಶಾಟ್ ಬೇಕಾದರೆ ಮಂಡಿಯುದ್ದದ ಕುಣಿ ತೋಡಿ, ಅದರ ಮೇಲೆ ಕಲ್ಲಿನ ಬಣ್ಣದ ಥರ್ಮಾಕೋಲ್ ಮುಚ್ಚಳ ಇಟ್ಟು, ಕ್ಯಾಮೆರಾವನ್ನು ಕುಣಿಯಲ್ಲಿಟ್ಟು ಮೇಲಕ್ಕೆ ತಿರುಗಿಸಿ. ನೋಡುವವರಿಗೆ ಆಳ ಗೊತ್ತಾಗುವುದಿಲ್ಲ. ನೀರು ತುಂಬಿದ ಹಳೆ ಕಲ್ಲಿನ ಖಣಿ, ಕಟ್ಟೆ ಇಲ್ಲದ ಬಾವಿ, ರೈಲು ಹಳಿಗೂ ಇದೇ ನಿಯಮ: ಹತ್ತಿರ ಹೋಗದೆ ತೆಗೆಯುವ ದಾರಿ ಹುಡುಕಿ.

ಹೊಗೆಗೆ ಲೋಬಾನ ಒಳ್ಳೆಯದು, ಅಗ್ಗ. ಆದರೆ ಕೆಂಡ ಇರುವ ಕೋಣೆಯನ್ನು ಮುಚ್ಚಿಡಬೇಡಿ. ಪ್ರತಿ ಟೇಕ್ ಆದ ಮೇಲೆ ಬಾಗಿಲು, ಕಿಟಕಿ ತೆರೆಯಿರಿ. ಹೆಣ್ಣುಮಕ್ಕಳು ತಂಡದಲ್ಲಿದ್ದರೆ ಅವರನ್ನು ಮನೆಗೆ ಮುಟ್ಟಿಸುವ ಗಾಡಿ, ಬಟ್ಟೆ ಬದಲಿಸುವ ಕೋಣೆ ಶೂಟಿಂಗಿಗೆ ಮೊದಲೇ ಗೊತ್ತಾಗಿರಲಿ.

## ಹಂತ 6: ಕ್ಯಾಮೆರಾ ಮತ್ತು ಬೆಳಕು

ಕ್ಯಾಮೆರಾ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಮದುವೆ ವಿಡಿಯೋ ಮಾಡುವವರ ಹತ್ತಿರ ಒಳ್ಳೆಯ ಮಿರರ್‌ಲೆಸ್ ಕ್ಯಾಮೆರಾ ಇರುತ್ತದೆ. ಕತ್ತಲಿಗೆ ಮುಖ್ಯವಾದದ್ದು ಲೆನ್ಸ್: ಎಫ್ 1.8ರ (ಹೆಚ್ಚು ಬೆಳಕು ಒಳಗೆ ಬಿಡುವ) ಒಂದು 35 ಅಥವಾ 50 ಎಂಎಂ ಇದ್ದರೆ ಕೆಲಸ ನಡೆಯುತ್ತದೆ.

ಸೆಕೆಂಡಿಗೆ 24 ಫ್ರೇಮ್, ಶಟರ್ 1/50 ಇಡಿ. ನಮ್ಮ ಕರೆಂಟ್ 50 ಹರ್ಟ್ಸ್. ಶಟರ್ 1/60 ಇದ್ದರೆ ಟ್ಯೂಬ್‌ಲೈಟ್ ಮಿನುಗುತ್ತದೆ. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಕೆಲವು ಹೇಗಿಟ್ಟರೂ ಮಿನುಗುತ್ತವೆ, ಆದ್ದರಿಂದ ಹಿಂದಿನ ದಿನವೇ ಅದೇ ಬಲ್ಬಿನಲ್ಲಿ ಒಂದು ನಿಮಿಷ ತೆಗೆದು ನೋಡಿ.

ಎಲ್ಲರೂ ಮಾಡುವ ತಪ್ಪು ಅಂದರೆ ಇಡೀ ಕೋಣೆಗೆ ನೀಲಿ ಬೆಳಕು ಬಿಡುವುದು. ಬೇಡ. ಬೆಳಕು ಎಲ್ಲಿಂದ ಬರುತ್ತಿದೆ ಅನ್ನುವುದು ಫ್ರೇಮಿನಲ್ಲೇ ಕಾಣಲಿ: ಕಂದೀಲು, ಒಲೆ, ಫೋನಿನ ಟಾರ್ಚ್, ಬೀದಿ ದೀಪ. ಅದಕ್ಕೆ ಸಹಾಯವಾಗಿ ಒಂದೇ ಒಂದು ಲೈಟು ಅದೇ ದಿಕ್ಕಿನಿಂದ ಬರಲಿ. ಹೊಲದಲ್ಲಿ ಎರೆ ಮಣ್ಣು ಬೆಳಕನ್ನು ನುಂಗುತ್ತದೆ, ಕಪ್ಪು ಬಟ್ಟೆಯ ನಟ ಕತ್ತಲಲ್ಲಿ ಕರಗಿಹೋಗುತ್ತಾನೆ. ಹಿಂದಿನಿಂದ ಒಂದು ಬೆಳಕು ಕೊಟ್ಟು ಹೆಗಲಿನ ಗೆರೆ ಎತ್ತಿ ತೋರಿಸಿ, ನೆಲಕ್ಕೆ ಸ್ವಲ್ಪ ನೀರು ಚಿಮುಕಿಸಿ. ಆಕಾಶ ಕಾಣುವ ವೈಡ್ ಶಾಟ್‌ಗಳನ್ನು ಸೂರ್ಯ ಮುಳುಗಿದ ನಂತರದ ಇಪ್ಪತ್ತು ನಿಮಿಷದಲ್ಲೇ ಮುಗಿಸಿ.

ಒಳಗಿನ ರಾತ್ರಿ ದೃಶ್ಯಗಳಲ್ಲಿ ಮಾತಿಲ್ಲದವನ್ನು ಹಗಲಲ್ಲೇ ತೆಗೆಯಬಹುದು. ಕಿಟಕಿ, ಬಾಗಿಲಿಗೆ ಹೊರಗಿನಿಂದ ತಾಡಪತ್ರಿ ಕಟ್ಟಿ. ತಾಟು, ಕೈ, ಕಾಲು, ಕಲ್ಲಿನ ಮುಚ್ಚಳ, ಕಣ್ಣು ಇವೆಲ್ಲ ಹಗಲು ಮುಗಿದರೆ ರಾತ್ರಿಯ ಅಮೂಲ್ಯ ಗಂಟೆಗಳು ಮಾತಿಗೆ ಉಳಿಯುತ್ತವೆ.

ರಕ್ತಕ್ಕೆ ಸಕ್ಕರೆ ಪಾಕ, ತಿನ್ನುವ ಕೆಂಪು ಬಣ್ಣ, ಚೂರು ಕೋಕೋ ಪುಡಿ. ಬರಿ ಕೆಂಪಾದರೆ ಕ್ಯಾಮೆರಾದಲ್ಲಿ ಗುಲಾಬಿಯಾಗಿ ಕಾಣುತ್ತದೆ, ಕೋಕೋ ಅದನ್ನು ಗಾಢ ಮಾಡುತ್ತದೆ. ಇರುವೆ, ನೊಣ ಬರುತ್ತವೆ, ಸುಣ್ಣದ ಗೋಡೆಗೆ ಹತ್ತಿದ ಕಲೆ ಹೋಗುವುದಿಲ್ಲ. ಒಂದೇ ಬಣ್ಣದ ಸೀರೆ ಕನಿಷ್ಠ ಎರಡು ಇರಲಿ. ಚರ್ಮಕ್ಕೆ ಯಾವುದೇ ಅಂಟು ಹಚ್ಚುವ ಮೊದಲು ಮುಂಗೈಗೆ ಹಚ್ಚಿ ಒಂದು ದಿನ ಕಾಯಿರಿ.

## ಹಂತ 7: ಶೂಟಿಂಗ್ ರಾತ್ರಿ

ಏಳು ನಿಮಿಷದ ಚಿತ್ರಕ್ಕೆ ಮೂರು ರಾತ್ರಿ ಇಟ್ಟುಕೊಳ್ಳಿ. ಸಣ್ಣ ತಂಡ ಒಂದು ರಾತ್ರಿಗೆ 12-15 ಶಾಟ್ ಮುಗಿಸಿದರೆ ಅದೇ ದೊಡ್ಡದು. ಒಂದು ರಾತ್ರಿಯ ಪಟ್ಟಿಯಲ್ಲಿ 30 ಇದ್ದರೆ ಮನೆಯಲ್ಲೇ ಕತ್ತರಿಸಿ.

ಅತಿ ಹೆದರಿಸುವ ಶಾಟನ್ನು ಕೊನೆಗೆ ಇಡುವ ರೂಢಿ ಬಿಡಿ. ರಾತ್ರಿ ಎರಡರ ಮೇಲೆ ನಟರಿಗೆ ನಿದ್ದೆ, ತಂಡಕ್ಕೆ ಅವಸರ. 11 ಗಂಟೆಯೊಳಗೆ ಅದು ಮುಗಿದಿರಬೇಕು. ಊಟ ಸರಿಯಾದ ಹೊತ್ತಿಗೆ ಬರಲಿ. ರೊಟ್ಟಿ, ಪಲ್ಯ, ಮಜ್ಜಿಗೆ, ಎರಡು ಸಲ ಚಹಾ. ದುಡ್ಡು ಉಳಿಸಲು ಊಟದಲ್ಲಿ ಕೈ ಹಿಡಿದ ತಂಡ ಎರಡನೇ ರಾತ್ರಿ ಬರುವುದಿಲ್ಲ.

ಜಾಗ ಬಿಡುವ ಮೊದಲು ಎಲ್ಲರನ್ನೂ ನಿಲ್ಲಿಸಿ, ಫ್ಯಾನ್ ಬಂದ್ ಮಾಡಿ, ಒಂದು ನಿಮಿಷ ಆ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿ. ಹೊರಸಿನ ಕಿರ್ ಅನ್ನುವ ಸದ್ದು, ಕಲ್ಲು ಉಜ್ಜುವ ಸದ್ದು, ತಾಟು ಸರಿಯುವ ಸದ್ದು ಬೇರೆ ಬೇರೆಯಾಗಿ ಹತ್ತಿರದಿಂದ ತೆಗೆದುಕೊಳ್ಳಿ. ಇಂಟರ್‌ನೆಟ್ಟಿನ ಸದ್ದುಗಳಲ್ಲಿ ಶಹಾಬಾದ್ ಕಲ್ಲು ಸರಿಯುವ ಸದ್ದು ಸಿಗುವುದಿಲ್ಲ.

ಮಲಗುವ ಮೊದಲು ಫುಟೇಜ್ ಎರಡು ಕಡೆ ಕಾಪಿ ಆಗಿರಬೇಕು, ಮರುದಿನ ಮೂರನೆಯದು ಬೇರೆ ಮನೆಯಲ್ಲಿ.

ಎಚ್ಚರಿಕೆಯ ಗುರುತು: ಮಧ್ಯರಾತ್ರಿಯಾದರೂ ನಾಲ್ಕು ಶಾಟ್ ಆಗಿಲ್ಲ ಅಂದರೆ ಬೆಳಕಿನ ಸೆಟಪ್ ಅತಿಯಾಗಿದೆ. ಅರ್ಧ ಲೈಟು ಎತ್ತಿಡಿ.

## ಹಂತ 8: ಎಡಿಟ್, ಮೊದಲು ಸಂಗೀತ ಇಲ್ಲದೆ

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಈ ಕೆಲಸಕ್ಕೆ ಸಾಕು. ಮೊದಲ ಸಲ ಎಡಿಟ್ ಮಾಡಿದ್ದಕ್ಕೆ (ಫಸ್ಟ್ ಕಟ್) ಒಂದು ಚೂರೂ ಸಂಗೀತ ಹಾಕಬೇಡಿ. ಸಂಗೀತ ಇಲ್ಲದೆ ಹೆದರಿಸದ ಸೀನ್ ಸಂಗೀತ ಹಾಕಿದ ಮೇಲೆ ಸದ್ದು ಮಾಡುತ್ತದೆ ಅಷ್ಟೇ, ಹೆದರಿಸುವುದಿಲ್ಲ.

ಕಥೆ ಗೊತ್ತಿಲ್ಲದ ನಾಲ್ಕೈದು ಜನರಿಗೆ ತೋರಿಸಿ. ಹೇಗಿದೆ ಅಂತ ಕೇಳಬೇಡಿ, ಸುಮ್ನೆ ಅವರ ಮುಖ ನೋಡಿ. ಯಾವ ಹೊತ್ತಿಗೆ ಫೋನ್ ತೆಗೆದರು, ಎಲ್ಲಿ ಮೈ ಹಿಂದಕ್ಕೆ ಎಳೆದುಕೊಂಡರು ಅಂತ ಬರೆದುಕೊಳ್ಳಿ. ಹೆದರಬೇಕಾದ ಕಡೆ ನಕ್ಕರೆ ಬಹಳ ಸಲ ಕಾರಣ ಒಂದೇ: ತೋರಿಸಬಾರದ್ದನ್ನು ಹೆಚ್ಚು ಹೊತ್ತು ತೋರಿಸಿದ್ದೀರಿ. ಅರ್ಧ ಸೆಕೆಂಡ್ ಕತ್ತರಿಸಿ ಬೇರೆಯವರಿಗೆ ತೋರಿಸಿ.

ಮಿಕ್ಸಿಂಗಿನಲ್ಲಿ ಎಲ್ಲವನ್ನೂ ಜೋರು ಮಾಡಿದರೆ ಬೆಚ್ಚಿಬೀಳಿಸುವ ಸದ್ದಿಗೆ ಜಾಗವೇ ಉಳಿಯುವುದಿಲ್ಲ. ಯೂಟ್ಯೂಬ್ ಜೋರಾದ ಆಡಿಯೋವನ್ನು ಸುಮಾರು -14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ) ಮಟ್ಟಕ್ಕೆ ತಾನೇ ಇಳಿಸುತ್ತದೆ. ಬೆಚ್ಚಿಬೀಳಿಸುವ ಗಳಿಗೆಗೆ ಮುಂಚಿನ ಹತ್ತು ಸೆಕೆಂಡಿನ ಸದ್ದು ತಗ್ಗಿಸಿ, ಆಗ ತಾಟು ಸರಿದ ಸದ್ದೂ ಎದೆಗೆ ನಾಟುತ್ತದೆ. ಫೋನಿನ ಸ್ಪೀಕರಿನಲ್ಲೂ ಕೇಳಿ ನೋಡಿ, ಅದರಲ್ಲಿ ತೀರಾ ಕೆಳಗಿನ ಗುಡುಗು ಕೇಳುವುದೇ ಇಲ್ಲ.

## ಹಂತ 9: ಹೊರಗೆ ಕಳಿಸುವುದು

ಮುಗಿದ ದಿನವೇ ಯೂಟ್ಯೂಬಿಗೆ ಹಾಕಬೇಡಿ. ಆನ್‌ಲೈನಿನಲ್ಲಿ ಎಲ್ಲರಿಗೂ ಸಿಗುವ ಚಿತ್ರವನ್ನು ಹಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ. ಪಾಸ್‌ವರ್ಡ್ ಇರುವ ಲಿಂಕ್ ಮಾಡಿ. ಇಂಗ್ಲಿಷ್ ಸಬ್‌ಟೈಟಲ್ಲನ್ನು ನಮ್ಮ ಕಡೆಯ ಮಾತು ಗೊತ್ತಿರುವವರಿಂದ ಮಾಡಿಸಿ. ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವದಿಂದ ಶುರು ಮಾಡಿ. ಹಾರರ್-ಥ್ರಿಲ್ಲರಿಗೇ ಹೆಸರಾದವು ಸ್ಪೇನಿನ ಸಿಟ್ಜೆಸ್, ಕೆನಡಾದ ಫ್ಯಾಂಟೇಶಿಯಾ, ಕೊರಿಯಾದ ಬುಚಿಯಾನ್. ಶುಲ್ಕ ಭಾರವಾದರೆ ವಿನಾಯಿತಿ ಕೇಳಿ ಇಮೇಲ್ ಬರೆಯಿರಿ, ಕೇಳಿದರೆ ತಪ್ಪೇನಿಲ್ಲ.

ತಿಂಗಳಿಗೊಂದು ಸಲ "ಬೆಸ್ಟ್ ಡೈರೆಕ್ಟರ್" ಹಂಚುವ, ಪ್ರದರ್ಶನದ ಥಿಯೇಟರ್ ಯಾವುದೆಂದು ಹೇಳದ, ಟ್ರೋಫಿಗೆ ಬೇರೆ ದುಡ್ಡು ಕೇಳುವ ಉತ್ಸವಗಳಿಂದ ದೂರ ಇರಿ. ಆ ಲಾಂಛನಗಳನ್ನು ಪೋಸ್ಟರಿಗೆ ಹಾಕಿದರೆ ಬಲ್ಲವರು ನಿಮ್ಮನ್ನು ಕಡಿಮೆ ಅಂದಾಜು ಮಾಡುತ್ತಾರೆ.

## ಹಂತ 10: ಫೀಚರ್‌ಗೆ ಹೋಗುವುದು

ಒಂದು ಕಿರುಚಿತ್ರ ಹೆಸರು ಮಾಡಿತು ಅಂತ ಫೀಚರ್‌ಗೆ ಹಾರಬೇಡಿ. ಕನಿಷ್ಠ ಮೂರು ಮುಗಿಸಿ, ಒಂದಕ್ಕಿಂತ ಒಂದು ಬೇರೆ ಬಗೆಯ ಭಯ ಇರಲಿ. ಆಗ ನಿಮ್ಮ ಜೊತೆ ಉಳಿಯುವ ತಂಡ ಯಾವುದು ಅಂತ ಗೊತ್ತಾಗಿರುತ್ತದೆ. ಮೊದಲ ಫೀಚರ್ 80-90 ನಿಮಿಷ, ಒಂದೇ ಮನೆ ಅಥವಾ ಒಂದೇ ಮಿಲ್, ನಾಲ್ಕೈದು ನಟರು.

ಕಾಗದ ಪತ್ರಗಳ ಸರದಿ ಹೀಗಿರಲಿ. ಸ್ಕ್ರಿಪ್ಟನ್ನು ಕಾಪಿರೈಟ್ ಕಚೇರಿಯಲ್ಲಿ ಅಥವಾ ಸದಸ್ಯರಾಗಿ ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ನಿನಲ್ಲಿ ನೋಂದಾಯಿಸಿ. ಹೆಸರನ್ನು ಬೆಂಗಳೂರಿನ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ನೋಂದಣಿ ಮಾಡಿಸಿ. ಬರಹಗಾರ, ನಟ, ಸಂಗೀತ, ಜಾಗ, ಎಲ್ಲರ ಜೊತೆಗೂ ಶೂಟಿಂಗಿಗೆ ಮೊದಲು ಲಿಖಿತ ಒಪ್ಪಂದ ಆಗಲಿ. ಗೆಳೆಯನೇ ಹಾಡು ಮಾಡಿಕೊಟ್ಟರೂ ಸಹಿ ಬೇಕು. ಒಂದು ಸಹಿ ಇಲ್ಲದಿದ್ದರೂ ಒಟಿಟಿ ಒಪ್ಪಂದ ಅಲ್ಲಿಗೇ ನಿಲ್ಲಬಹುದು.

ಥಿಯೇಟರಿಗೆ ಸೆನ್ಸಾರ್ ಪ್ರಮಾಣಪತ್ರ ಬೇಕೇ ಬೇಕು, ಅರ್ಜಿ ಆನ್‌ಲೈನ್. ಈಗ ಯುಎ (ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ) ವಿಭಾಗದೊಳಗೆ 7, 13, 16 ವರ್ಷ ಅಂತ ಮೂರು ಬಗೆ ಇದೆ. ರಕ್ತ, ಹಿಂಸೆ ಜಾಸ್ತಿಯಾಗಿ ಎ (ವಯಸ್ಕರಿಗೆ ಮಾತ್ರ) ಬಂದರೆ ಅದೇ ರೂಪದಲ್ಲಿ ಟಿವಿಯಲ್ಲಿ ಹಾಕುವಂತಿಲ್ಲ, ಅಂದರೆ ಒಂದು ಆದಾಯ ಹೋಯಿತು. ಆದ್ದರಿಂದ ಈ ಲೆಕ್ಕವನ್ನು ಎಡಿಟ್ ಟೇಬಲ್ಲಿಗೆ ಬಿಡಬೇಡಿ, ಸ್ಕ್ರಿಪ್ಟಿನಲ್ಲೇ ಮಾಡಿ. ಥಿಯೇಟರಿಗೆ ಕೊಡುವ ಡಿಸಿಪಿಯನ್ನು (ಪ್ರೊಜೆಕ್ಟರಿನಲ್ಲಿ ಓಡುವ ಡಿಜಿಟಲ್ ಸಿನಿಮಾ ಫೈಲು) ಡಿಸಿಪಿ-ಒ-ಮ್ಯಾಟಿಕ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ನೀವೇ ಮಾಡಬಹುದು. ಕೊಡುವ ಮೊದಲು ಒಂದು ಪರದೆಯಲ್ಲಿ ಓಡಿಸಿ ನೋಡಿ.

ಹಣ ಹಾಕುವವರು, ಕೊಳ್ಳುವವರು ಬೇಕಾದರೆ ಎನ್‌ಎಫ್‌ಡಿಸಿ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) ಗೋವಾದಲ್ಲಿ ನಡೆಸುವ ವೇವ್ಸ್ ಫಿಲ್ಮ್ ಬಜಾರಿಗೆ (ಮೊದಲಿನ ಹೆಸರು ಫಿಲ್ಮ್ ಬಜಾರ್) ಅರ್ಜಿ ಹಾಕಿ. ಎಡಿಟ್ ಹಂತದಲ್ಲಿರುವ ಸಿನಿಮಾಗಳಿಗೂ ಅಲ್ಲಿ ಜಾಗವಿದೆ. ಬಿಡುಗಡೆ ಮಾಡಿಸಲು ನಿಮ್ಮಿಂದಲೇ ಮುಂಗಡ ಕೇಳುವವರಿಗೆ, ಎಲ್ಲ ಹಕ್ಕನ್ನೂ ಶಾಶ್ವತವಾಗಿ ಬರೆದುಕೊಡಿ ಅನ್ನುವವರಿಗೆ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.

## ಹಂತ 11: ವರ್ಷದ ಲೆಕ್ಕ

ಮೊದಲ ಕೆಲವು ವರ್ಷ ಹಾರರ್ ಸಿನಿಮಾ ಮನೆ ನಡೆಸುವುದಿಲ್ಲ. ಮದುವೆ ವಿಡಿಯೋ, ಕೋಚಿಂಗ್ ಕ್ಲಾಸಿನ ಜಾಹೀರಾತು, ಎಡಿಟಿಂಗ್ ನಡೆಸುತ್ತವೆ. ಅದನ್ನು ಕೀಳು ಅಂದುಕೊಳ್ಳಬೇಡಿ. ಕಡಿಮೆ ಬೆಳಕಿನಲ್ಲಿ, ಎರಡನೇ ಟೇಕ್ ಇಲ್ಲದೆ ಮುಖ ಹಿಡಿಯುವುದನ್ನು ಮದುವೆ ಮಂಟಪದಷ್ಟು ಚೆನ್ನಾಗಿ ಯಾವ ಶಾಲೆಯೂ ಕಲಿಸದು.

ನಿಮ್ಮ ಸ್ವಂತ ಶೂಟಿಂಗನ್ನು ಧನುರ್ಮಾಸಕ್ಕೆ ಇಡಿ, ಅಂದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ. ಮದುವೆಗಳು ಕಡಿಮೆ, ಹಾಗಾಗಿ ಕ್ಯಾಮೆರಾ, ಲೈಟು ಬಾಡಿಗೆ ಕಡಿಮೆ ಮಾಡಿಸಬಹುದು, ಕೈ ಖಾಲಿ ಇರುವ ಒಳ್ಳೆಯ ಹುಡುಗರು ಸಿಗುತ್ತಾರೆ. ವರ್ಷದ ಅತಿ ಉದ್ದದ ರಾತ್ರಿಗಳು ಅವೇ. ಕೂಲರ್ ಬಂದ್, ಫ್ಯಾನೂ ಬೇಡ, ಬೀದರ್ ಕಡೆ ಬೆಳಗಿನ ಜಾವ ಮಂಜು ಉಚಿತ. ಎಳ್ಳಮಾವಾಸ್ಯೆ ದಿನ ಮಾತ್ರ ಶೂಟಿಂಗ್ ಇಡಬೇಡಿ, ತಂಡದ ಅರ್ಧ ಜನ ಭಜ್ಜಿ, ಕಡುಬು ಕಟ್ಟಿಕೊಂಡು ಹೊಲದಲ್ಲಿರುತ್ತಾರೆ. ಇದಕ್ಕೆ ತಕ್ಕ ಹಾಗೆ ಹಿಂದಕ್ಕೆ ಎಣಿಸಿ. ದಸರೆಯೊಳಗೆ ಜಾಗ ಮತ್ತು ಧ್ವನಿಯ ಪರೀಕ್ಷೆ, ದೀಪಾವಳಿಯೊಳಗೆ ಸ್ಕ್ರಿಪ್ಟ್ ಮತ್ತು ನಟರು, ನವೆಂಬರಿನಲ್ಲಿ ಅನುಮತಿ ಪತ್ರಗಳು. ನಿಂತ ತೊಗರಿಯ ನಡುವೆ ಓಡುವ ದೃಶ್ಯ ಇದ್ದರೆ ಅದೊಂದನ್ನು ನವೆಂಬರಿನಲ್ಲೇ, ರಾಶಿಗೆ ಮೊದಲು ಮುಗಿಸಿಕೊಳ್ಳಿ.